ದೇವಿಂದ್ರಪ್ಪನ ಮನೆ ಬೇಟೆ

ಕೆಲಸ ಕೆಡಿಸಿದ್ದು ಮದುವೆಯ ಅಂಗಿ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಶಹಾಬಾದ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತ ದೇವಿಂದ್ರಪ್ಪ ಭಾನುವಾರ ಬೆಳಗ್ಗೆ ಅದನ್ನು ತೊಟ್ಟು ಹೊರಬಿದ್ದದ್ದೇ ತಡ, ಓಣಿಯವರ ಕಿವಿಗಳೆಲ್ಲ ನೆಟ್ಟಗಾದವು.

ನಿಜಾಮರ ಆಳಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ಗಣಿಗೆ, ಕಾರ್ಖಾನೆಗೆ, ರೈಲಿಗೆ ಎಂದು ಜನ ಬಂದು ತುಂಬಿ, ಮನೆಯೊಂದು ಮಾರಾಟಕ್ಕಿದೆ ಎಂದರೆ ಸಾಕು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತುತ್ತಿದ್ದರು. ವಿಧವೆ ಜಾನಬಿ ತನ್ನ ಮನೆ ಮಾರಿ ವಾಡಿಯಲ್ಲಿರುವ ಮಗಳ ಹತ್ತಿರ ಹೋಗುತ್ತಾಳೆಂಬ ಸುದ್ದಿ ಸದ್ಯ ದೇವಿಂದ್ರಪ್ಪನೊಬ್ಬನಿಗೇ ಗೊತ್ತು; ಅದನ್ನು ತಾನೇ ಕೊಳ್ಳಬೇಕೆಂದು ಹೊರಟಿದ್ದ. ಹೆಂಡತಿ ಗುರುದೇವಿಗೂ ಅವನು ಹೇಳಿರಲಿಲ್ಲ. ಅವಳಿಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ.

ಓಣಿಯ ತುದಿಯಲ್ಲಿ ದರ್ಜಿ ಲಾಲ್ ಅಹ್ಮದ್ ಹೊಲಿಗೆಯ ಮಷಿನ್ ನಿಲ್ಲಿಸಿದ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಇಡೀ ಸಂಸಾರ ಹೂಡಿದ್ದ ಅವನೂ ವರ್ಷದಿಂದ ಮನೆ ಹುಡುಕುತ್ತಿದ್ದ.

"ಮನಿ ನೋಡ್ಲಿಕ್ಕೇ ಹೊಂಟೀರಿ, ಹೌದಿಲ್ರಿ?"

ಇಲ್ಲವೆಂದು ದೇವಿಂದ್ರಪ್ಪ ಆಣೆ ಹಾಕಿದ. ಆಣೆ ಕೇಳಿ ಎಲ್ಲರಿಗೂ ಖಾತ್ರಿಯಾಯಿತು. ಅವನು ಬಲಕ್ಕೆ ತಿರುಗಿದರೆ ಐದಾರು ಜನ ಬಲಕ್ಕೆ ತಿರುಗಿದರು; ನಿಂತರೆ ಬೀಡಿ ಹಚ್ಚುತ್ತ ನಿಂತರು. ಕೊನೆಗೆ ಅವನ ಬಾಯಿಗೆ ಬಂದದ್ದು ತನ್ನ ಮನೆಮಾಲೀಕನ ಹೆಸರು. ನಾಗೇಂದ್ರಪ್ಪ ನೆಲಕ್ಕೆ ಹಾಸಿದ ಒಂದು ಫರಸಿಕಲ್ಲನ್ನೂ ಮಾರುವ ಪೈಕಿಯಲ್ಲ. ಕೇಳಿದವರನ್ನು ಬೈದು ಅಟ್ಟುವುದು ಖಂಡಿತ.

"ನಾ ಬಾಡಿಗಿ ಇರೋ ಮನೀನ ನಾಗೇಂದ್ರಪ್ಪನವರು ಮಾರಾಕತ್ತಾರ. ಅಲ್ಲೇ ಹೋಗಿ ಕೇಳ್ರಿ," ಎಂದ.

ಬೀದಿ ಖಾಲಿಯಾಯಿತು. ತನ್ನ ಬುದ್ಧಿಗೆ ತಾನೇ ಬೆರಗಾಗುತ್ತ ಅವನು ಜಾನಬಿಯ ಮನೆ ಸೇರಿದ.

ಮತ್ತೊಬ್ಬರು ಬರುವ ಮೊದಲೇ ಮುದುಕಿಯ ಮನಸ್ಸು ಗೆಲ್ಲಬೇಕಲ್ಲ? ಅದಕ್ಕೆ ಕಂಡದ್ದನ್ನೆಲ್ಲ ಹೊಗಳಿದ. ಬೇವಿನ ನೆರಳು, ಬಾವಿಯ ನೀರಿನ ಸಿಹಿ, ಕಲ್ಲುಹಾಸಿನ ತಂಪು, ಬಾಗಿಲಿನ ಕೆತ್ತನೆ, ಕಡೆಗೆ ಕೋಳಿಗೂಡು ಕೂಡ. ಇಂಥ ಮನೆ ಹೈದರಾಬಾದಿನಲ್ಲೂ ಇಲ್ಲವೆಂದ. ಜಾನಬಿ ಮೊದಲು ನಕ್ಕಳು, ಆಮೇಲೆ ಎದ್ದು ಗೋಡೆ ಸವರಿದಳು, ಬಾವಿಯೊಳಗೆ ಇಣುಕಿದಳು. ನಲವತ್ತು ವರ್ಷ ಬಾಳಿದ ಮನೆಯನ್ನು ಅಂದೇ ಕಂಡವಳಂತೆ ಅವಳ ಮುಖ ಅರಳಿತು.

"ಇಷ್ಟು ಛಲೋ ಮನಿ ಬಿಟ್ಟು ನಾ ಯಾಕ ಹೋಗ್ಲಿ ಬೇಟಾ? ಮಗಳನ್ನೇ ಇಲ್ಲಿ ಕರಸ್ಕೊಂತೀನಿ. ಕುಂದ್ರು, ಚಾ ಕುಡದು ಹೋಗು."

ಚಹಾ ಕುಡಿದದ್ದು, ಹೊರಬಂದದ್ದು ಒಂದೂ ಅವನಿಗೆ ತಿಳಿಯಲಿಲ್ಲ. ಎಲ್ಲಿ ತಪ್ಪಿತೆಂದು ಯೋಚಿಸುತ್ತ ಎರಡು ಸಲ ದಾರಿ ತಪ್ಪಿ ತನ್ನ ಓಣಿಗೆ ಬಂದರೆ, ಲಾಲ್ ಅಹ್ಮದ್ ಟೇಪು ಹಿಡಿದು ದೇವಿಂದ್ರಪ್ಪನ ಮನೆಯ ಬಾಗಿಲಿಗೆ ಅಳತೆ ತೆಗೆಯುತ್ತಿದ್ದ, ಶೇರವಾನಿ ಹೊಲಿಯುವವನ ಹಾಗೆ.

ನಾಗೇಂದ್ರಪ್ಪ ಮೊದಲು ಬೈದದ್ದು ನಿಜವಂತೆ. ಆದರೆ ಅಷ್ಟು ಜನ ಒಬ್ಬರ ಮೇಲೊಬ್ಬರು ಬಿದ್ದು ಬೆಲೆ ಏರಿಸುವುದನ್ನು ಕಂಡು ಅವನ ದನಿ ಇಳಿಯಿತಂತೆ. ಸಂಚಕಾರದ ಮುಂಗಡ ಹಣ ಕೊಟ್ಟು ಗೆದ್ದವನು ಲಾಲ್ ಅಹ್ಮದ್.

"ನಿಮ್ಮ ಉಪಕಾರ ಮರೆಯಂಗಿಲ್ರಿ," ಎಂದು ಅವನು ದೇವಿಂದ್ರಪ್ಪನ ಎರಡೂ ಕೈ ಹಿಡಿದುಕೊಂಡ.

ಒಳಗಿನಿಂದ ಗುರುದೇವಿ ಬೆವರು ಒರೆಸಿಕೊಳ್ಳುತ್ತ ಬಂದಳು. ಅವಳ ಹಿಂದೆ ಹಾಸಿಗೆ, ಪಾತ್ರೆ, ಒರಳು, ಎಲ್ಲ ಗಂಟುಕಟ್ಟಿ ಸಾಲಾಗಿ ನಿಂತಿದ್ದವು.

"ಈ ಮನಿ ನೀವೇ ಮುಂದ ನಿಂತು ಮಾರಸೀರಂತ. ಬ್ಯಾರೇದು ತಗೊಂಡೇ ಬರ್ತೀರಂತ ಹೇಳಿ ನಾ ಗಂಟು ಕಟ್ಟಿ ಕುಂತೀನಿ. ಬಂಡೀನೂ ಕರಸೀನಿ. ನಮ್ಮ ಹೊಸಾ ಮನಿ ಯಾವ ಓಣ್ಯಾಗ ಅದ್ರಿ?"