ಬಾಲದಲ್ಲೊಂದು ಬಿಳಿ ಗರಿ

ಕೋಳಿ ಪ್ರದರ್ಶನದ ದಿನ ಬೆಳಿಗ್ಗೆಯೇ ಕ್ಷೌರಿಕನ ಕರಿಹುಂಜದ ಬಾಲದಲ್ಲಿ ಒಂದು ಬಿಳಿ ಗರಿ ಇಣುಕಿತು. ಮರಿಯಿದ್ದಾಗಿನಿಂದ ಮುದ್ದಿನಿಂದ ಸಾಕಿದ ಹುಂಜ. ಜುಟ್ಟು ನೆಟ್ಟಗೆ, ಕಾಲ್ಬೆರಳು ನೆಟ್ಟಗೆ, ನಡಿಗೆಯಂತೂ ಹೊಸ ಅಳಿಯನದೇ. ಪ್ರತಿವರ್ಷ ಬಹುಮಾನದ ಬಟ್ಟಲು ಹೊತ್ತೊಯ್ಯುವ ಭಾಮೈದನ ಬಾಯಿ ಈ ಸಲ ಮುಚ್ಚಿಸುತ್ತೇನೆಂದು ಅವನು ಹೆಂಡತಿಯೆದುರೇ ಕೊಚ್ಚಿಕೊಂಡಿದ್ದ.

ಪಕ್ಕದಂಗಡಿಯ ದರ್ಜಿ ಬಂದು ಬಗ್ಗಿ ನೋಡಿದ. "ಊರವರ ತಲೆಗೆಲ್ಲ ಬಣ್ಣ ಹಚ್ತೀಯ, ಒಂದು ಗರಿಗೆ ಹಚ್ಚೋಕೆ ಯೋಚನೆ ಏನಯ್ಯ?"

ಕ್ಷೌರಿಕ ಒಪ್ಪಲಿಲ್ಲ. ಗರಿ ಬೆಳ್ಳಗಿದ್ದರೆ ಒಂದೆರಡು ಅಂಕ ಹೋದೀತು. ಬಣ್ಣ ಹಚ್ಚಿದ್ದು ಗೊತ್ತಾದರೆ ಹುಂಜವನ್ನೇ ಹೊರಗೆ ಹಾಕುತ್ತಾರೆ. ಅಷ್ಟರಲ್ಲಿ ದರ್ಜಿ ಪಂಜರಕ್ಕೆ ಕೈ ಹಾಕಿಯಾಗಿತ್ತು. ಹುಂಜ ಕುಕ್ಕಿತು, ಹಾರಿತು, ಕೂಗಿ ಬೀದಿ ಒಂದು ಮಾಡಿತು. ಗಲಾಟೆ ಅಡಗಿದಾಗ ಬಿಳಿ ಗರಿ ದರ್ಜಿಯ ಮುಷ್ಟಿಯಲ್ಲಿತ್ತು. ಉದುರಿದ ಗರಿಗೆ ಅಂಕ ಕಳೆಯುವವರಿಲ್ಲ. ಕ್ಷೌರಿಕನಿಗೆ ಸಂತೋಷ ತಡೆಯಲಾಗಲಿಲ್ಲ.

ಆಗಲೇ ಟೋಪಿ ಹಾಕಿಕೊಂಡ ಅಪರಿಚಿತ ಗಿರಾಕಿಯೊಬ್ಬರು ಬಂದು, ತಲೆಗೆ ಬಣ್ಣ ಬೇಕು, ಬೇಗ ಬೇಕು, ಯಾರಿಗೂ ಹೇಳಕೂಡದು ಎಂದರು. ಕ್ಷೌರಿಕ ಬಣ್ಣ ಕಲಸುವಾಗ ದರ್ಜಿ ಬಾಗಿಲಲ್ಲಿ ಇಣುಕಿ, ಗಿರಾಕಿಯನ್ನು ಗಮನಿಸದೆ, ಇನ್ನೊಂದು ಬಿಳಿ ಗರಿ ಕಂಡಿರಬೇಕೆಂದುಕೊಂಡು ಕಣ್ಣು ಮಿಟುಕಿಸಿ ಹೋದ. ಬಣ್ಣ ಹಿಡಿಯುವವರೆಗೆ ಕೂರಿ ಎಂದರೂ ಗಿರಾಕಿ ಕೇಳದೆ, ಒದ್ದೆ ತಲೆಗೇ ಟೋಪಿ ಏರಿಸಿ ಹೊರಟರು.

ಪ್ರದರ್ಶನದಲ್ಲಿ ನೋಡಿದರೆ ತೀರ್ಪುಗಾರರು ಅವರೇ! ಬಟ್ಟಲು ತನ್ನದೇ ಎಂದುಕೊಂಡ ಕ್ಷೌರಿಕ. ಅವರು ಹುಂಜವನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಊನವೂ ಸಿಗಲಿಲ್ಲ. ಸೆಕೆಗೆ ಟೋಪಿ ತೆಗೆದು ತಲೆ ಸವರಿಕೊಂಡರು, ಅದೇ ಕೈಯಲ್ಲಿ ಹುಂಜದ ಬಾಲ ಸವರಿದರು. ಅಂಗೈ ನೋಡಿಕೊಂಡರೆ ಕಪ್ಪೋ ಕಪ್ಪು.

"ಬಣ್ಣ ಹಚ್ಚಿದ್ದೀಯ."

"ಹುಂಜಕ್ಕೆ ಹಚ್ಚಿಲ್ಲ ಸಾರ್."

ಗೆಳೆಯನನ್ನು ಉಳಿಸಲು ದರ್ಜಿ ಮುಂದೆ ನುಗ್ಗಿದ. "ಅವನನ್ನ ಬಯ್ಯಬೇಡಿ ಸಾರ್, ಹಚ್ಚು ಅಂದವನು ನಾನೇ. ಬೆಳಿಗ್ಗೆ ಬಣ್ಣ ಕಲಸ್ತಿದ್ದಿದ್ದನ್ನ ಕಣ್ಣಾರೆ ನೋಡಿದೀನಿ."

"ಹುಂಜಕ್ಕಲ್ಲದೆ ಇನ್ಯಾರಿಗೆ ಕಲಸಿದ್ರಿ ಭಾವ?" ಭಾಮೈದ ನಯವಾಗಿ ಕೇಳಿದ.

ತೀರ್ಪುಗಾರರು ಗಡಿಬಿಡಿಯಿಂದ ಟೋಪಿ ಹಾಕಿಕೊಂಡರು. ಕ್ಷೌರಿಕ ಆ ಟೋಪಿಯನ್ನೊಮ್ಮೆ ನೋಡಿದ.

"ಒಬ್ಬ ಗಿರಾಕಿಗೆ. ಹೆಸರು ಹೇಳಬೇಡ ಅಂದಿದಾರೆ."

ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ವಿಚಾರಣೆ ಸಾಕೆಂದು ತೀರ್ಪುಗಾರರು ಬಟ್ಟಲನ್ನು ಭಾಮೈದನ ಕೈಗಿತ್ತರು.

ಸಂಜೆ ಅಂಗಡಿಯ ಬಾಗಿಲಲ್ಲಿ ಅದೇ ಟೋಪಿ ಕಾಣಿಸಿತು. ಕ್ಷಮೆ ಕೇಳಲು ಬಂದರೆಂದುಕೊಂಡ ಕ್ಷೌರಿಕ. ಓಡಿಹೋಗಿ ಕುರ್ಚಿ ಒರೆಸಿದ.

ಅವರು ಕುಳಿತು ಟೋಪಿ ತೆಗೆದರು. ತಲೆ ಅರ್ಧ ಬೆಳ್ಳಗಾಗಿತ್ತು.

"ಹುಂಜಕ್ಕೂ ನಂಗೂ ಒಂದೇ ಬಣ್ಣ ಹಚ್ಚಿದ್ದೀಯ ಅಂತ ಕಾಣುತ್ತೆ. ಎರಡೂ ನಿಲ್ಲಲಿಲ್ಲ ನೋಡು. ಈಗಲಾದರೂ ಒಳ್ಳೇದು ಹಚ್ಚು."