ನಮ್ಮ ಮನೆಯ ಕೆಟಲು ಕಾಯಿಸಿದ ಕಥೆ

"ಸೋಮವಾರದಿಂದ ಈ ಮನೆಯಲ್ಲಿ ಬೆಳಗಿನ ಟೀ ನನ್ನದು!" ಎಂದು ನಾನು ಘೋಷಿಸಿದಾಗ ಹೆಂಡತಿ ತನ್ನ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು. ತಲೆ ಎತ್ತದೆ, "ಕುಡಿಯೋದಾ, ಮಾಡೋದಾ?" ಎಂದಳು.

ಮಾಡುವುದೇ ಸ್ವಾಮಿ, ಮಾಡುವುದೇ! ಅದಕ್ಕೊಂದು ಕಾರಣವಿತ್ತು. ನನ್ನ ಹೆಂಡತಿ ಬಸ್ ಡ್ರೈವರ್. ಯಾರೋ ರಜೆ ಹಾಕಿದಾಗ ಅವರ ಬಸ್ಸು, ಇನ್ಯಾರಿಗೋ ಜ್ವರ ಬಂದಾಗ ಇನ್ನೊಂದು ಬಸ್ಸು ಎಂದು ವರ್ಷಗಟ್ಟಲೆ ಓಡಿಸಿದ ಮೇಲೆ ಅವಳಿಗೇ ಅಂತ ಒಂದು ಬಸ್ಸು ಸಿಗುವುದರಲ್ಲಿತ್ತು. ಅದೂ ಎಂಥದ್ದು? ಊರಿನಲ್ಲಿ ಎಲ್ಲಕ್ಕಿಂತ ಮೊದಲು ಹೊರಡುವ ಬಸ್ಸು! ಸೋಮವಾರ ಮೇಲ್ವಿಚಾರಕರೇ ಪಕ್ಕದಲ್ಲಿ ಕೂತು ನೋಡುತ್ತಾರಂತೆ. ಹೊತ್ತಿಗೆ ಸರಿಯಾಗಿ ಓಡಿದರೆ ಬಸ್ಸು ಅವಳದು, ತಡವಾದರೆ ಬೇರೆಯವರದು. ಇಂಥ ದಿನ ಅವಳು ಗಂಡನ ಕೈಯ ಬಿಸಿ ಟೀ ಕುಡಿದು ಹೊರಡಬೇಡವೇ?

ಕೆಟಲು ಆರಿಸಲು ಇಬ್ಬರೂ ಅಂಗಡಿಗೆ ಹೋದೆವು. ಒಂದು ಕೆಟಲಿಗೆ ಒಂದೇ ಒಂದು ಗುಂಡಿ. ಹೆಂಡತಿ ಒತ್ತಿದಳು, ದೀಪ ಹತ್ತಿತು, ಇದು ಸಾಕು ಎಂದಳು. ನನಗೆ ನಗು ಬಂತು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಸಿಕ್ಕಸಿಕ್ಕಲ್ಲಿ ನಿಲ್ಲುತ್ತೇನೆಂದು ಅಲ್ಲಿ ಎಲ್ಲರೂ ನನ್ನನ್ನು ಅಲ್ಪವಿರಾಮ ಎಂದೇ ಕರೆಯುತ್ತಾರೆ. ಹಗಲೆಲ್ಲ ಪದಗಳ ಕಿವಿ ಹಿಂಡುವ ನಾನು ಜುಜುಬಿ ಒಂದು ಗುಂಡಿ ಒತ್ತಿಕೊಂಡು ಕೂರುವುದೇ?

ಅಂಗಡಿಯವನು ನನ್ನ ಮುಖ ಓದಿಬಿಟ್ಟ. ಒಳಗಿನಿಂದ ಹಸಿರು ಕಣ್ಣಿನ ಇನ್ನೊಂದು ಕೆಟಲು ತಂದಿಟ್ಟ. ಇದಕ್ಕೆ ಗುಂಡಿಯೇ ಇಲ್ಲ, ಬಾಯಲ್ಲಿ ಹೇಳಿದರೆ ಸಾಕು, ಅದೂ ನಮ್ಮ ಭಾಷೆಯಲ್ಲೇ. ಬ್ಯಾಟರಿ ಇರುವುದರಿಂದ ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು ಎಂದೆಲ್ಲ ವರ್ಣಿಸಿದ. "ಮೊದಲು ಒಂದು ವಾರ ಸುಮ್ನೆ ಇಟ್ಬಿಡಿ ಸಾರ್. ಮನೆಯವರ ಮಾತು ಕೇಳಿ ಕೇಳಿ ಅದೇ ಕಲಿಯುತ್ತೆ."

"ತಗೊಳ್ಳಿ," ಎಂದಳು ಹೆಂಡತಿ. "ಮನೆಯವರ ಮಾತು ಕೇಳೋದು ಮನೇಲಿ ಒಂದಾದ್ರೂ ಇರ್ಲಿ."

ಆ ವಾರವಿಡೀ ಕೆಟಲು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನಮ್ಮ ಮಾತು ಕೇಳಿತು. ಎಲ್ಲ ಮನೆಗಳಲ್ಲೂ ಇರುವ ಮಾತೇ. ನಾನು ಬೆಳಗ್ಗೆ ಬಚ್ಚಲುಮನೆಯಲ್ಲಿ ಪತ್ರಿಕೆ ಹಿಡಿದು ಮುದ್ರಣದೋಷ ಹುಡುಕುತ್ತಿರುತ್ತೇನೆ. ಹೊರಗಿನಿಂದ ಅವಳು, "ಎಷ್ಟು ಹೊತ್ತು ಕಾಯಿಸ್ತೀರಿ?" ಎನ್ನುತ್ತಾಳೆ. ನಾನು "ಒಂದ್ನಿಮಿಷ, ಬಂದೆ" ಎನ್ನುತ್ತೇನೆ. ಊಟಕ್ಕೆ ಬಡಿಸಿಟ್ಟಾಗಲೂ ಅದೇ ಪ್ರಶ್ನೆ, ಅದೇ ಉತ್ತರ. ನೆಂಟರ ಮನೆಗೆ ಹೊರಟು ಅವಳು ಬಾಗಿಲಲ್ಲಿ ನಿಂತಾಗಲೂ ಅದೇ. ನಡುನಡುವೆ ಅವಳು, ಟೀಗೆ ನೀರಿಡಬೇಕು ಎಂದು ತನಗೆ ತಾನೇ ಗೊಣಗಿಕೊಂಡು ಎದ್ದು ಹೋಗುತ್ತಿದ್ದಳು. ಕೆಟಲಿನ ಕಣ್ಣು ಪಿಳಿಪಿಳಿ ಎನ್ನುತ್ತಿತ್ತು. ಕಲೀಲಿ ಪಾಪ ಎಂದುಕೊಂಡೆ.

ಭಾನುವಾರ ಸಂಜೆ ಹಳೆಯ ಟೀ ಪಾತ್ರೆಗೆ ಸಕಲ ಗೌರವಗಳೊಂದಿಗೆ ನಿವೃತ್ತಿ ಕೊಟ್ಟೆ. ಮಣ್ಣು ತುಂಬಿ, ಗಿಡ ನೆಟ್ಟು, ಕಿಟಕಿಯಲ್ಲಿಟ್ಟೆ.

ಸೋಮವಾರ ಬಂತು. ಹೆಂಡತಿ ಸಮವಸ್ತ್ರ ತೊಡುತ್ತಿದ್ದಳು. ನಾನು ಕೆಟಲಿಗೆ ನೀರು ತುಂಬಿ, ಎದೆ ಸೆಟೆದು ನಿಂತು, ಸ್ಪಷ್ಟ ಉಚ್ಚಾರಣೆಯಲ್ಲಿ ಆಜ್ಞಾಪಿಸಿದೆ: "ಕಾಯಿಸು!"

"ಸರಿ," ಎಂದಿತು ಕೆಟಲು, ಜೇನಿನಂಥ ಹೆಣ್ಣುದನಿಯಲ್ಲಿ. "ಎಷ್ಟು ಹೊತ್ತು ಕಾಯಿಸಲಿ?"

ಎಂಥ ವಿನಯ! ಐದು ನಿಮಿಷ ಎಂದೆ. ಹಸಿರು ಕಣ್ಣು ಕೆಂಪಾಯಿತು. ನಾನು ಕೈಕಟ್ಟಿ ನಿಂತೆ. ಸದ್ದಿಲ್ಲ, ಹಬೆಯಿಲ್ಲ. ಸ್ಮಾರ್ಟ್ ಅಂದಮೇಲೆ ಗದ್ದಲ ಮಾಡುವುದಿಲ್ಲ ಎಂದುಕೊಂಡೆ. ಕೊನೆಗೆ ಅದೇ ಬಾಯಿಬಿಟ್ಟಿತು: "ಐದು ನಿಮಿಷ ಕಾಯಿಸಿದ್ದೇನೆ. ಇನ್ನೂ ಕಾಯಿಸಲೇ?"

ಮುಚ್ಚಳ ತೆಗೆದು ಬೆರಳದ್ದಿದೆ. ನೀರು ತಣ್ಣಗೆ ಕೊರೆಯುತ್ತಿತ್ತು! ಅದು ಕಾಯಿಸಿದ್ದು ನೀರನ್ನಲ್ಲ, ನನ್ನನ್ನು.

ಇಲ್ಲಿಯಾದರೂ ನನಗೆ ಬುದ್ಧಿ ಬರಬೇಕಿತ್ತು. ಸಿಟ್ಟು ಬಂತು. "ಕಾಯಿಸು ಅಂದ್ರೆ ಚೆನ್ನಾಗಿ ಕಾಯಿಸು!" ಎಂದು ಗದರಿದೆ. ಚೆನ್ನಾಗಿಯೇ ಕಾಯಿಸುತ್ತೇನೆ ಎಂದು ಮಾತು ಕೊಟ್ಟು ಅದು ಮತ್ತೆ ಕಣ್ಣು ಕೆಂಪು ಮಾಡಿ ಕೂತಿತು. ಬಿಸಿ ಮಾಡು ಎಂದೆ, ಕುದಿಸು ಎಂದೆ, ನಿನ್ನ ದಮ್ಮಯ್ಯ ಎಂದೆ. ಎಲ್ಲಕ್ಕೂ ಒಂದೇ ಉತ್ತರ. ಈಗ ಕಾಯಿಸುತ್ತಿದ್ದೇನೆ, ಅದು ಮುಗಿದ ಮೇಲೆ ಹೇಳಿ. ಒತ್ತೋಣವೆಂದರೆ ಗುಂಡಿಯೂ ಇಲ್ಲ!

ಮನೆಯಲ್ಲಿ ಒಲೆ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. ಬೇರೆ ಪಾತ್ರೆಯೂ ಇತ್ತು. ಆದರೆ ಮಾನ ಅಂತ ಒಂದಿರುತ್ತದಲ್ಲ, ಅದನ್ನು ಯಾವ ಒಲೆಯ ಮೇಲಿಡುವುದು?

ಹೆಂಡತಿ ಬೂಟು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ರೀ, ಇನ್ನೂ ಎಷ್ಟು ಹೊತ್ತು ಕಾಯಿಸ್ತೀರಿ?"

"ಇನ್ನು ನಲವತ್ತು ನಿಮಿಷ," ಎಂದಿತು ಕೆಟಲು.

ಅವಳು ಕೆಟಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಬಸ್ಸು ಯಾರಿಗೂ ಕಾಯಲ್ಲ ಎಂದು ಹೇಳಿ ಒಂದು ಲೋಟ ತಣ್ಣೀರು ಕುಡಿದು ಹೊರಟೇಬಿಟ್ಟಳು. ಇಂಥ ದಿನ ನನ್ನವಳು ಬರೀ ತಣ್ಣೀರು ಕುಡಿದು ಹೋಗುವುದೇ?

ಆಗ ಹೊಳೆಯಿತು: ಕೆಟಲಿಗೆ ಬ್ಯಾಟರಿ ಇದೆ, ಅವಳ ಬಸ್ಸು ನಮ್ಮ ಬೀದಿಯ ತಿರುವಿನಲ್ಲೇ ನಿಲ್ಲುತ್ತದೆ! ಒಂದು ಜೇಬಿಗೆ ಟೀ ಪೊಟ್ಟಣ, ಇನ್ನೊಂದಕ್ಕೆ ಲೋಟ ತುರುಕಿ, ಕೆಟಲನ್ನು ಕಂಕುಳಲ್ಲಿಟ್ಟು, ಪೈಜಾಮದಲ್ಲೇ ಬಿದ್ದಂಬೀಳ ಓಡಿದೆ. ಕೊನೆಗೆ ಡಿಪೋ ಕಡೆಯಿಂದ ಅವಳ ಬಸ್ಸು ಬಂದು ನಿಂತಿತು. ಮುಂದಿನ ಬಾಗಿಲಿನ ಮೆಟ್ಟಿಲೇರಿ, ಕೆಟಲು ಇನ್ನೇನು ಕಾದೇಬಿಡುತ್ತದೆ, ಒಂದ್ನಿಮಿಷ ಎಂದು ಹೆಂಡತಿಗೆ ಸಮಾಧಾನ ಹೇಳತೊಡಗಿದೆ. ಪಕ್ಕದ ಸೀಟಿನಲ್ಲಿದ್ದ ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. ನಾನು ಮೆಟ್ಟಿಲ ಮೇಲಿದ್ದುದರಿಂದ ಬಾಗಿಲು ಮುಚ್ಚುವಂತಿರಲಿಲ್ಲ, ಬಾಗಿಲು ಮುಚ್ಚದೆ ಬಸ್ಸು ಹೊರಡುವಂತಿರಲಿಲ್ಲ.

ಹಿಂದಿನ ಸೀಟಿನಿಂದ ಯಾರೋ ಕೂಗಿದರು: "ಎಷ್ಟು ಹೊತ್ತು ಕಾಯಿಸ್ತೀರಿ?"

"ಇನ್ನು ಹದಿನೈದು ನಿಮಿಷ ಕಾಯಿಸುತ್ತೇನೆ," ಎಂದು ನನ್ನ ಕಂಕುಳಿನಿಂದ ಜೇನುದನಿ ಇಡೀ ಬಸ್ಸಿಗೆ ಕೇಳುವಂತೆ ಸಾರಿತು. "ದಯವಿಟ್ಟು ಸಹಕರಿಸಿ."

ಅಷ್ಟೇ! ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಕೆಲಸಕ್ಕೆ ಹೊತ್ತಾಯಿತೆಂದು ಒಬ್ಬರು ಚೀಲ ಎಳೆದರು, ಕೊಟ್ಟ ದುಡ್ಡು ವಾಪಸ್ ಕೊಡಿ ಎಂದು ಇನ್ನೊಬ್ಬರು ಎದ್ದರು. ಮೇಲ್ವಿಚಾರಕರು ಚಾವಣಿಯಲ್ಲಿ ಸ್ಪೀಕರು ಹುಡುಕುತ್ತಿದ್ದರು. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ಅವಳ ಬಸ್ಸು ನನ್ನ ಕಣ್ಣೆದುರೇ, ನನ್ನಿಂದಲೇ ಕೈತಪ್ಪುತ್ತಿತ್ತು.

ಹೆಂಡತಿ ಸೀಟಿನಲ್ಲೇ ಹಿಂದೆ ತಿರುಗಿದಳು. ದನಿ ಏರಿಸಲಿಲ್ಲ. "ಯಾರೂ ಇಳೀಬೇಡಿ. ಅದು ಹೇಳಿದ್ದು ಬಸ್ಸಲ್ಲ, ನಮ್ಮನೆ ಕೆಟಲು. ಇಳೀಬೇಕಾಗಿರೋದು ಇಬ್ರೇ."

ನಾನೂ ಕೆಟಲೂ ಇಳಿದೆವು. ಬುಸ್ಸೆಂದು ಬಾಗಿಲು ಮುಚ್ಚಿತು, ಬಸ್ಸು ಹೋಯಿತು.

ಅವತ್ತು ಮುದ್ರಣಾಲಯದಲ್ಲಿ ನಾನು ತಿದ್ದಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಸಂಜೆ ಅವಳು ಬಂದು, ಬೂಟು ಬಿಚ್ಚಿ, ಕಾಲು ಚಾಚಿ ಕೂತಳು. ನಾನು ಅಳುಕುತ್ತಲೇ ಕೇಳಿದೆ.

"ಬಸ್ಸು?"

"ನಂದೇ."

ಅಬ್ಬಾ! ಕುಣಿಯುವಷ್ಟು ಖುಷಿಯಾಯಿತು. ಮೇಲ್ವಿಚಾರಕರು ಏನೆಂದರು ಎಂದು ಕೇಳಿದೆ.

"ಇಂಥವರನ್ನ ಮನೇಲಿಟ್ಕೊಂಡೂ ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಬರ್ತಾರೆ ಅಂದ್ರೆ, ಇವರಿಗೆ ಯಾವ ಬಸ್ಸಾದ್ರೂ ಕೊಡಬಹುದು ಅಂದ್ರು."

ತಪ್ಪೆಲ್ಲ ಕೆಟಲಿನದು, ಅದಕ್ಕೆ ನಮ್ಮ ಭಾಷೆಯ ಗಂಧಗಾಳಿ ಇಲ್ಲ, ನಾಳೆಯೇ ಅಂಗಡಿಯವನ ಮುಂದೆ ಕುಕ್ಕಿ ಬರುತ್ತೇನೆ ಎಂದು ಪತ್ರಿಕೆ ಬಿಡಿಸುತ್ತ ಗುಡುಗಿದೆ. ಅವಳು ಕೂತಲ್ಲಿಂದಲೇ ಅಡುಗೆಮನೆಯತ್ತ ತಿರುಗಿ, "ಟೀಗೆ ನೀರಿಡು" ಎಂದಳು.

ಅಡುಗೆಮನೆಯಿಂದ ಸುಂಯ್ ಎಂದು ಸದ್ದು ಬಂತು. ನೋಡನೋಡುತ್ತ ನೀರು ಕೊತಕೊತ ಕುದಿಯಿತು.

"ಕೆಟಲು ಸರಿಯಾಗೇ ಇದೆ," ಎಂದಳು ಹೆಂಡತಿ. "ಕಾಯಿಸೋದು ಅನ್ನೋ ಮಾತನ್ನ ಈ ಮನೇಲಿ ಯಾರಾದ್ರೂ ನೀರಿನ ವಿಷಯಕ್ಕೆ ಆಡಿದ್ದು ಅದು ಕೇಳಿದ್ಯಾ? ಒಂದು ವಾರ ಕೂತು ಕೇಳಿದ್ದೆಲ್ಲ ನಿಮ್ಮ ವಿಷಯಕ್ಕೇ. ಹೋಗ್ಲಿ, ನೀರು ಕಾದಿದೆ. ಎದ್ದು ಟೀ ಹಾಕ್ಕೊಂಡು ಬನ್ನಿ."

ಪತ್ರಿಕೆಯ ಮೂರನೇ ಸಾಲಿನಲ್ಲೇ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅದನ್ನು ಗುರುತು ಹಾಕಿಕೊಳ್ಳುತ್ತ, "ಒಂದ್ನಿಮಿಷ, ಬಂದೆ" ಎಂದೆ.

"ಸರಿ," ಎಂದಿತು ಕೆಟಲು ಒಳಗಿನಿಂದ. "ಮುಕ್ಕಾಲು ಗಂಟೆ ಕಾಯಿಸುತ್ತೇನೆ."