ಅತ್ತೆಯ ಚಾರ್ಜ್ ಯಾರಿಗೆ?

ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವುದು ಒಂದು ಸಮಸ್ಯೆಯೇ ಅಲ್ಲ ಎಂದು ಶಿವಮೊಗ್ಗದ ಗೋಪಾಳದ ನಮ್ಮ ಮನೆಯಲ್ಲಿ, ರಾತ್ರಿಯ ಊಟದ ಹೊತ್ತಿಗೆ, ನಾನು ನಿಸ್ಸಂಶಯವಾಗಿ ಸಾಬೀತುಪಡಿಸಿದೆ. ಎಚ್ಚರಿಕೆಯ ಗಂಟೆ ಹೊಡೆಯುವ ಮೊದಲೇ ಮುಗಿಸಿದೆ. ಗಂಟೆ ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ, ಅಪ್ಪ ಮೊಸರನ್ನ ಕಲೆಸುತ್ತಿದ್ದರು. ಆದರೆ ಕಾನೂನು ಕಾಲೇಜಿನ ಚರ್ಚಾಪಟುವಿಗೆ ಗಂಟೆ ತಲೆಯೊಳಗೇ ಹೊಡೆಯುತ್ತಿರುತ್ತದೆ.

ವಿಷಯ, ಅಪ್ಪನ ಅಕ್ಕ. ಭದ್ರಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಬೀದಿಯವರೆಲ್ಲ ಈಗಲೂ ‘ಸಿಸ್ಟರ್’ ಅಂತಲೇ ಕರೆಯುತ್ತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ತಿಂಗಳುಗಟ್ಟಲೆ ಮಲಗಿರಬೇಕು ಅಂತಾಯಿತು. ನಮ್ಮ ಮನೆಗೆ ಬಾ ಎಂದು ಅಪ್ಪ ಕರೆದರೆ ಅತ್ತೆಯದು ಒಂದೇ ಉತ್ತರ. “ನಿಮ್ಮನೇಲಿ ನಾನು ನೆಂಟಳು ಕಣೋ. ಇಲ್ಲಿ ಸಿಸ್ಟರ್.”

ಅಪ್ಪನಿಗೆ ಕಣ್ಣು ತುಂಬಿತು. ನನಗೆ ವಾದ ತುಂಬಿತು. ಆರೈಕೆ ಎಂಬುದು ಒಂದು ಒಪ್ಪಂದ. ಪ್ರೀತಿ ಅದರಲ್ಲಿ ಐಚ್ಛಿಕ ವಿಷಯ ಎಂದೆ. ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರ ಹೋಮ್ ನರ್ಸ್‌ಗಳನ್ನು ಕಳಿಸುವ ಆಫೀಸೊಂದಿತ್ತು. ಹಗಲಿಗೊಬ್ಬಳು, ರಾತ್ರಿಗೊಬ್ಬಳು. ಸಮಸ್ಯೆ ಮುಗಿಯಿತು. ಅಪ್ಪ ಕೈ ತೊಳೆಯಲು ಎದ್ದರು. ಅದನ್ನು ನಾನು ಸೋಲಿನ ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಆಫೀಸಿನವರು ಕಳಿಸಿದ ಮೊದಲ ಹುಡುಗಿ ಹಾಸಿಗೆಯ ಬಳಿ ಬಿದ್ದಳು. ಅಂದರೆ, ಹಾಸಿಗೆ ಹಾಸುವ ಪರೀಕ್ಷೆಯಲ್ಲಿ! ಬೆಡ್‌ಶೀಟಿನ ಮೂಲೆ ಲಕೋಟೆಯ ಹಾಗೆ ಮಡಿಸಿರಬೇಕು. ಮೇಲೆ ಮಲಗಿದ್ದ ಅತ್ತೆ, ತನ್ನ ಕೆಳಗಿನ ಹಾಸಿಗೆಯನ್ನೇ ಮತ್ತೆ ಮತ್ತೆ ಬಿಚ್ಚಿಸಿ ಹಾಸಿಸಿದರಂತೆ. ಎರಡನೆಯವಳು ಮಂಚದ ಮೇಲೆ ಕುಳಿತು ತಲೆ ಬಾಚಿಕೊಂಡಳು. ಅಲ್ಲಿಗೆ ಅವಳ ಕಥೆ ಮುಗಿಯಿತು.

ಮೂರನೆಯವಳು ಹೊಳಲೂರಿನವಳು, ಗಟ್ಟಿಗಿತ್ತಿ. ಮೂಲೆಗಳನ್ನು ಒಂದೇ ಸಲಕ್ಕೆ ಮಡಿಸಿದಳು. ಆದರೆ ಅವಳಿಗಾಗಿ ಕಾದಿದ್ದದ್ದು ಅತ್ತೆಯ ಮೂಲ ಸಂವಿಧಾನ. ಡ್ಯೂಟಿ ಮುಗಿದರೂ ಮುಂದಿನವರು ಬರುವ ತನಕ ಕದಲುವಂತಿಲ್ಲ. ಬಂದ ಮೇಲೆ ಮಂಚದ ಕಾಲ ಬಳಿ ನಿಂತು ಪೇಷೆಂಟಿನ ವರದಿ ಒಪ್ಪಿಸಬೇಕು. ಬಂದವಳು ‘ಚಾರ್ಜ್ ತಗೊಂಡೆ’ ಅನ್ನಬೇಕು. ಆಮೇಲೇ ಚಪ್ಪಲಿ ಮೆಟ್ಟುವುದು. ವಾರ್ಡಿನಲ್ಲಿ ಇಡೀ ಜೀವನ ಹಾಗೇ ನಡೆದದ್ದು. ಒಂದು ಸಂಜೆ ರಾತ್ರಿಯ ಹುಡುಗಿಯ ಬಸ್ಸು ಕೆಟ್ಟು ನಿಂತಿತು. ಹೊಳಲೂರಿನವಳನ್ನು ಅತ್ತೆ ಬಿಡಲಿಲ್ಲ. ಕೊನೆಗೆ ಅವಳ ಗಂಡ ಲೂನಾದಲ್ಲಿ ಹುಡುಕಿಕೊಂಡು ಬಂದ. ಅತ್ತೆ ಅವನಿಗೆ, ಒಳಗೆ ಬರುವ ಮೊದಲು ಕೈ ತೊಳಿ ಅಂದರಂತೆ.

ಮರುದಿನ ಆಫೀಸಿನವರು ನನಗೆ ಫೋನ್ ಮಾಡಿ, ನಾವು ಕಳಿಸೋದು ಪೇಷೆಂಟ್ ನೋಡ್ಕೊಳ್ಳೋಕೆ ಮೇಡಂ, ನಿಮ್ಮ ಪೇಷೆಂಟು ನಮ್ಮ ಹುಡುಗೀರನ್ನ ಫೇಲ್ ಮಾಡ್ತಾರೆ ಎಂದು ವಿನಯದಿಂದ ತಿಳಿಸಿ ಕೈಬಿಟ್ಟರು.

ಹೀಗೆ ಒಪ್ಪಂದ ಮುರಿದುಬಿದ್ದು, ಭಾನುವಾರದ ಹಗಲು ಡ್ಯೂಟಿಗೆ ಸಿದ್ಧಾಂತಿಯಾದ ನಾನೇ ಖುದ್ದಾಗಿ ಭದ್ರಾವತಿಗೆ ಹೋಗಬೇಕಾಯಿತು. ಸಂಜೆ ಅಪ್ಪ ಬಂದು ರಾತ್ರಿ ಇರುತ್ತಾರೆ, ನಾನು ವಾಪಸಾಗಿ ಬೆಳಿಗ್ಗೆ ದಾವಣಗೆರೆಯ ಚರ್ಚಾಸ್ಪರ್ಧೆಗೆ ಹೊರಡುವುದು ಅಂತ ಮಾತು. ಹಗಲೆಲ್ಲ ನಾನು ಮೂಲೆ ಮಡಿಸಿದೆ. ಅನ್ನ ಮೆತ್ತಗಾಯಿತು, ಸಾರು ಉಕ್ಕಿ ಒಲೆ ಆರಿತು. ಅತ್ತೆ ಹೆಚ್ಚು ಬೈಯಲಿಲ್ಲ. “ಪಾಸಾಗಲ್ಲ ಮಾರಾಯ್ತಿ ನೀನು,” ಅಂದರು, ಅಷ್ಟೆ. ಆಮೇಲೆ, ಎಷ್ಟೋ ವರ್ಷದ ಹಿಂದೆ ವಾರ್ಡಿನಲ್ಲಿದ್ದವರ ಕಥೆಗಳನ್ನು ಬಿಡದೆ ಹೇಳಿದರು. ನಾನು ಭಾಷಣದ ಚೀಟಿ ನೋಡಿಕೊಳ್ಳುತ್ತಾ ಹೂಂಗುಟ್ಟಿದೆ.

ಸಂಜೆ ಪಕ್ಕದ ಮನೆಯ ಸೆಲ್ವಿಯಕ್ಕ ಬಂದರು. ಅವರ ಮನೆಗೆ ಅಪ್ಪನ ಫೋನ್ ಬಂದಿತ್ತಂತೆ. ಆಫೀಸಿನಲ್ಲಿ ಆಡಿಟ್, ಭಾನುವಾರವೂ ಬಿಡ್ತಿಲ್ಲ, ಬೆಳಗಿನ ಬಸ್ಸಿಗೆ ಬರ್ತಾರೆ. “ನಾ ನಡುನಡುವೆ ಬಂದ್ ನೋಡ್ತೇನ್ ಸಿಸ್ಟರ್. ಮಲಗಕ್ ಆಗಲ್ಲ, ಮೊಮ್ಮಗೂಗೆ ಜ್ವರ,” ಎಂದು ಹೇಳಿ ಹೋದರು.

ಅತ್ತೆ ನನ್ನನ್ನು ನೋಡಿದರು. ನಾನು ಗಡಿಯಾರ ನೋಡಿದೆ. ಆಮೇಲೆ ಎದ್ದು ನಿಂತು ಮಾತಾಡಿದೆ. ಈ ಕೋಣೆಯಲ್ಲಿ ತರಬೇತಿ ಪಡೆದ ನರ್ಸ್ ಒಬ್ಬರೇ, ಅವರು ತಾವೇ. ಪೇಷೆಂಟಿನ ಸ್ವಭಾವವನ್ನು ತಮ್ಮಷ್ಟು ಬಲ್ಲವರು ಬೇರೆ ಇಲ್ಲ. ಪೇಷೆಂಟಾದವರು ತಮ್ಮ ಚಾರ್ಜನ್ನು ತಾವೇ ತೆಗೆದುಕೊಳ್ಳಬಾರದೆಂಬ ನಿಯಮ ಯಾವ ಆಸ್ಪತ್ರೆಯಲ್ಲೂ ಇದ್ದಂತಿಲ್ಲ. ಆದ್ದರಿಂದ, ಅತ್ತೆ, ನಿಮ್ಮ ಚಾರ್ಜ್ ನಿಮಗೇ ಸಲ್ಲಬೇಕು.

ನನ್ನ ಜೀವನದಲ್ಲಿ ಅಷ್ಟು ಬಿಗಿಯಾದ ವಾದ ಮಂಡಿಸಿದ್ದೇ ಇಲ್ಲ.

“ಮುಗೀತಾ?” ಅಂದರು ಅತ್ತೆ. ದಿಂಬಿಗೆ ಒರಗಿ ಸೆರಗು ಸರಿಮಾಡಿಕೊಂಡರು. “ಸರಿ. ರಿಪೋರ್ಟ್ ಕೊಡಿ ಸಿಸ್ಟರ್.”

ಮಂಚದ ಕಾಲ ಬಳಿ ನಿಂತು ಒಪ್ಪಿಸಿದೆ. ಮಧ್ಯಾಹ್ನ ಊಟ ಅರ್ಧ ಬಿಟ್ಟರು. ನೋವಿನ ಮಾತ್ರೆ ಆಗಿದೆ. ಮಾತು ಜಾಸ್ತಿ. ಅತ್ತೆ ಬೇರೆ ಯಾರದೋ ವಿಷಯ ಕೇಳುವಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

“ರಾತ್ರಿಗೆ ಪೇಷೆಂಟ್ ಕಡೆಯವರು ಯಾರಿದ್ದಾರೆ?”

ವರದಿಯಲ್ಲಿ ಸುಳ್ಳು ಹೇಳುವಂತಿಲ್ಲ. “ಯಾರೂ ಇಲ್ಲ,” ಅಂದೆ.

“ಆಯ್ತು. ಚಾರ್ಜ್ ತಗೊಂಡೆ. ನೀವು ಹೊರಡಿ, ಬಸ್ ತಪ್ಪತ್ತೆ.”

ಗೆದ್ದೆ! ನೀರಿನ ಚೊಂಬು ಕೈಗೆ ಸಿಗುವಂತೆ ಇಟ್ಟು, ಸೆಲ್ವಿಯಕ್ಕ ಬರಲೆಂದು ಬಾಗಿಲನ್ನು ಸುಮ್ಮನೆ ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಶಿವಮೊಗ್ಗದ ಬಸ್ಸು ಖಾಲಿ ನಿಂತಿತ್ತು. ಕಿಟಕಿ ಪಕ್ಕ ಕೂತು ಎದುರಾಳಿ ಹೇಗೆ ಖಂಡಿಸಬಹುದಿತ್ತು ಎಂದು ಅಭ್ಯಾಸಬಲದಿಂದ ಯೋಚಿಸಿದೆ. ಎದುರಾಳಿ ಏನನ್ನೂ ಖಂಡಿಸಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದರು. ಉತ್ತರ ನಾನೇ ಕೊಟ್ಟಿದ್ದೆ. ಕಂಡಕ್ಟರ್ ರೈಟ್ ಅನ್ನುವಾಗ ಇಳಿದುಬಿಟ್ಟೆ. ಹತ್ತೋದು ಯಾಕೆ, ಇಳಿಯೋದು ಯಾಕೆ ಎಂದು ಅವನು ಬೈದ. ಒಳ್ಳೆಯ ಪ್ರಶ್ನೆ.

ಮನೆಯ ಮೆಟ್ಟಿಲಿಗೆ ಬಂದಾಗ ಕಿಟಕಿಯಿಂದ ಅತ್ತೆಯ ದನಿ ಕೇಳಿತು. ಸೆಲ್ವಿಯಕ್ಕ ಬಂದಿರಬೇಕು ಅಂದುಕೊಂಡು ಇಣುಕಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ಸೂರಿನ ಕಡೆ ನೋಡುತ್ತಾ, ವಾರ್ಡಿನಲ್ಲಿ ಮಾತಾಡುವಂತೆ ಮೆಲ್ಲಗೆ ಹೇಳುತ್ತಿದ್ದರು. “ಹೆದರ್ಕೋಬೇಡಿ ಅಮ್ಮ. ಕಣ್ಣು ಮುಚ್ಕೊಳ್ಳಿ. ನಾನಿಲ್ಲೇ ಇದ್ದೀನಿ.”

ಕಿಟಕಿಯಿಂದ ಹಿಂದೆ ಸರಿದೆ. ಚಪ್ಪಲಿ ಸದ್ದಾಗಿರಬೇಕು.

“ಯಾರದು?”

“ಪೇಷೆಂಟ್ ಕಡೆಯವಳು,” ಅಂದೆ.

ಒಳಗೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಸಿಸ್ಟರ್ ಗಂಟಲು ಸರಿಮಾಡಿಕೊಂಡರು.

“ವಿಸಿಟಿಂಗ್ ಟೈಮ್ ಮುಗಿದಿದೆ. ಕಡೆಯವರು ಹೊರಗೆ ಕೂರಬೇಕು. ಕರೆದಾಗ ಒಳಗೆ ಬನ್ನಿ.”

ಮೆಟ್ಟಿಲ ಮೇಲೆ ಕೂತೆ. ನನ್ನ ಪರವಾಗಿ ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ವಿರುದ್ಧ ಪಕ್ಷದಲ್ಲಿ ಭದ್ರಾವತಿಯ ಸೊಳ್ಳೆಗಳಿದ್ದವು, ಮತ್ತು ಅವು ಒಂದೊಂದಾಗಿ ಬಂದು ತಮ್ಮ ವಾದ ಮಂಡಿಸಿದವು.